ಗಡಿರೇಖೆಯ ಕೆಳಗಿನ ಹೊನ್ನು

1799ನೆಯ ಇಸವಿಯ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟೀಪೂ ಸುಲ್ತಾನನು ರಣಭೂಮಿಯಲ್ಲಿ ಮಡಿದ ಬಳಿಕ, ಅದೇ ವರ್ಷದ ಜೂನ್ 22ರಂದು ಬರೆಯಲ್ಪಟ್ಟ ವಿಭಜನೆಯ ಕರಾರಿನಲ್ಲಿ ನಮ್ಮ ಕರಾವಳಿಯ ಭಾಗ್ಯವೂ ದೂರದ ಕೋಲಾರ ಸೀಮೆಯ ಭಾಗ್ಯವೂ ಏಕಕಾಲದಲ್ಲಿ ನಿರ್ಣಯವಾದುವೆಂಬ ಸಂಗತಿಯು, ಮಣಿಪಾಲದ ಗುಡ್ಡದ ಮೇಲಿಂದ ಪಡುವಣ ಕಡಲನ್ನು ನೋಡುವ ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಉಡುಪಿ, ಕಾರ್ಕಳ, ಕಾಪು, ಬಾರಕೂರುಗಳನ್ನೊಳಗೊಂಡ ಕನ್ನಡ ಜಿಲ್ಲೆಯು ಆ ಕರಾರಿನಿಂದ ನೇರವಾಗಿ ಈಸ್ಟ್ ಇಂಡಿಯಾ ಕಂಪನಿಯ ಕೈವಶವಾಯಿತು. ಕೋಲಾರವು ಒಡೆಯರ ವಂಶಕ್ಕೆ ಮರಳಿ ಸಂದ ಮೈಸೂರಿನ ಪಾಲಿಗೆ ಉಳಿಯಿತು. ಒಂದು ತುದಿಯಲ್ಲಿ ಕಡಲಿನ ವ್ಯಾಪಾರ, ಇನ್ನೊಂದು ತುದಿಯಲ್ಲಿ ಕಲ್ಲುಬಂಡೆಗಳ ಒಣ ಬಯಲು: ಕರಾರು ಬರೆದವರ ದೃಷ್ಟಿಯಲ್ಲಿ ಮೊದಲನೆಯದಕ್ಕೆ ಬೆಲೆಯಿತ್ತು, ಎರಡನೆಯದಕ್ಕೆ ಇರಲಿಲ್ಲ. ಆ ಒಣ ಬಯಲಿನ ಅಡಿಯಲ್ಲಿ ಏನಿದೆಯೆಂಬುದು ತಿಳಿದಿದ್ದರೆ ಗಡಿಯನ್ನು ಹೀಗೆಯೇ ಎಳೆಯುತ್ತಿದ್ದರೆಂದು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆ ಕಾಲದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯು ರಾಜ್ಯವಿಸ್ತರಣೆಯನ್ನು ಲೋಭವೆಂದು ಎಂದೂ ಕರೆದವನಲ್ಲ. ಫ್ರೆಂಚರ ಭಯವನ್ನು ನಿವಾರಿಸುವುದು, ಅನ್ಯಾಯದಿಂದ ಪದಚ್ಯುತವಾದ ಪ್ರಾಚೀನ ರಾಜವಂಶವನ್ನು ಪುನಃ ಸ್ಥಾಪಿಸುವುದು, ಪ್ರಜೆಗಳಿಗೆ ಶಾಂತಿಯನ್ನೀಯುವುದು, ಇವೇ ಅವನ ವಾದದ ಆಧಾರಸ್ತಂಭಗಳು. ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಸಿಂಹಾಸನದಲ್ಲಿ ಕುಳ್ಳಿರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿಸಿ, ಸೈನ್ಯದ ಖರ್ಚೆಂಬ ಹೆಸರಿನಲ್ಲಿ ವರ್ಷಂಪ್ರತಿ ಏಳು ಲಕ್ಷ ಸ್ಟಾರ್ ಪಗೋಡ, ಎಂದರೆ ಏಳು ಲಕ್ಷ ಚಿನ್ನದ ವರಹಗಳನ್ನು, ಮೈಸೂರಿನಿಂದ ಕಂಪನಿಗೆ ಸಲ್ಲಿಸುವಂತೆ ಅವನು ಕಟ್ಟುಪಾಡು ಮಾಡಿದನು. ಧರ್ಮದ ಮಾತೂ ವರಹದ ಲೆಕ್ಕವೂ ಒಂದೇ ಕಾಗದದ ಮೇಲೆ ನಿಂತಿದ್ದುವು. ಅವುಗಳ ನಡುವೆ ವಿರೋಧವಿದೆಯೆಂದು ಬರೆದವರಿಗೆ ತೋರಿರಲಿಲ್ಲ.

ಹೊನ್ನಿಗಾಗಿ ಸೀಮೆಯನ್ನು ದಾಟಿದವರಲ್ಲಿ ಬಿಳಿಯರು ಮೊದಲಿಗರೂ ಅಲ್ಲ. ವಿಜಯನಗರದ ಕಾಲದಲ್ಲಿ ಟಂಕಸಾಲೆಯಿದ್ದು, ಶಾಸನಗಳಲ್ಲಿ ಬಾರಕೂರು ಗದ್ಯಾಣವೆಂಬ ಚಿನ್ನದ ನಾಣ್ಯದ ಹೆಸರನ್ನು ಉಳಿಸಿಹೋದ ಪಟ್ಟಣವು ಮಣಿಪಾಲಕ್ಕೆ ಕೆಲವೇ ಹರಿದಾರಿ ದೂರದಲ್ಲಿದೆ. ಮೆಣಸು ಮತ್ತು ಅಕ್ಕಿಯನ್ನು ಒಯ್ದ ಹಡಗುಗಳು ಬದಲಿಗೆ ತಂದ ಹೊನ್ನು ಘಟ್ಟದ ಮೇಲಣ ಕೆಳದಿಯ ಅರಸರ ಬಿದನೂರಿನಲ್ಲಿ ರಾಶಿಯಾಗಿ, ಇಕ್ಕೇರಿ ವರಹವಾಗಿ ಹೊರಬೀಳುತ್ತಿತ್ತು. 1763ರಲ್ಲಿ ಆ ಬಿದನೂರನ್ನು ಮುತ್ತಿ, ಅದರ ಭಂಡಾರವನ್ನು ತನ್ನ ಮುಂದಿನ ಎಲ್ಲ ಯುದ್ಧಗಳಿಗೂ ಮೂಲಧನವಾಗಿ ಮಾಡಿಕೊಂಡ ಹೈದರಾಲಿಯು ಹುಟ್ಟಿದ್ದು ಎಲ್ಲಿ? ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಮುಂದೆ ಜಗತ್ಪ್ರಸಿದ್ಧವಾದ ಚಿನ್ನದ ಗಣಿಗಳಿಂದ ಸ್ವಲ್ಪವೇ ದೂರದಲ್ಲಿ. ಕಾಲಡಿಯ ನೆಲದಲ್ಲಿದ್ದ ಹೊನ್ನನ್ನು ಬಿಟ್ಟು ಅವನು ಪಡುವಣ ಘಟ್ಟದವರೆಗೆ ದಂಡೆತ್ತಿ ಬಂದನು. ನಮ್ಮ ಕರಾವಳಿಯು ಮೈಸೂರಿಗೆ ಸೇರಿದ್ದು ಆ ದಂಡಯಾತ್ರೆಯಿಂದಲೇ.

ಇನ್ನೂ ಹಿಂದಕ್ಕೆ ಹೋದರೆ ರಾಯಚೂರು ಸೀಮೆಯ ಮಸ್ಕಿ ಎದುರಾಗುತ್ತದೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿ, ದೇವಾನಾಂಪ್ರಿಯನೆಂದರೆ ಅವನೇ ಎಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸಿದ ಅಲ್ಲಿಯ ಬಂಡೆಶಾಸನವನ್ನು 1915ರಲ್ಲಿ ಪತ್ತೆಮಾಡಿದವನು ಪುರಾತತ್ತ್ವಜ್ಞನಲ್ಲ. ಹೊನ್ನಿನ ಜಾಡನ್ನು ಹಿಡಿದು ಆ ಗುಡ್ಡಗಳಲ್ಲಿ ಅಲೆಯುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರು. ಮಸ್ಕಿಗೆ ಸಮೀಪದ ಹಟ್ಟಿಯಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯ ಗಣಿಕೆಲಸದ ಕುರುಹುಗಳು ದೊರೆತಿವೆ. ಬ್ರಹ್ಮಗಿರಿಯ ಶಾಸನವು ಅಶೋಕನ ದಕ್ಷಿಣದ ಅಧಿಕಾರಿಗಳು ಸುವರ್ಣಗಿರಿಯಲ್ಲಿ ಇದ್ದರೆಂದು ಹೇಳುತ್ತದೆ. ಮೌರ್ಯರನ್ನು ಇಷ್ಟು ದೂರ ದಕ್ಷಿಣಕ್ಕೆ ಎಳೆದುತಂದ ಕಾರಣಗಳಲ್ಲಿ ಈ ಸುವರ್ಣಭೂಮಿಯೂ ಒಂದೆಂದು ಹಲವು ವಿದ್ವಾಂಸರು ತರ್ಕಿಸಿದ್ದಾರೆ. ಧರ್ಮಲಿಪಿಯನ್ನು ಕಡೆದ ಬಂಡೆಯೂ ಹೊನ್ನಿನ ಬಂಡೆಯೂ ಒಂದೇ ಸೀಮೆಯಲ್ಲಿರುವುದನ್ನು ಕಂಡಾಗ, ಆ ತರ್ಕವನ್ನು ಸುಮ್ಮನೆ ತಳ್ಳಿಹಾಕಲು ನನಗೆ ಧೈರ್ಯ ಸಾಲದು.

ಕೋಲಾರವಾದರೋ ಆರಂಭದಿಂದಲೂ ಗಡಿಯ ಸೀಮೆಯೇ. ಗಂಗರು ತಮ್ಮನ್ನು ಕುವಲಾಲಪುರವರೇಶ್ವರರೆಂದು ಕರೆದುಕೊಂಡ ಊರಿನಲ್ಲಿ ಚೋಳರು ಬಂದು ಕೋಲಾರಮ್ಮನ ಗುಡಿಯಲ್ಲಿ ತಮಿಳು ಶಾಸನಗಳನ್ನು ಬರೆಸಿದರು. ತರುವಾಯ ವಿಜಯನಗರ, ಬಿಜಾಪುರ, ಮೊಗಲರು, ಹೈದರ್, ಹೀಗೆ ಒಡೆತನವು ಕೈಯಿಂದ ಕೈಗೆ ಸಾಗಿತು. ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ ಈ ಸೀಮೆಯಲ್ಲಿ ಗಡಿಯೆಂಬುದು ಜನರ ನಿತ್ಯಜೀವನದಲ್ಲಿ ಎಂದೂ ಒಂದು ಗೆರೆಯಾಗಿರಲಿಲ್ಲ. ಗೆರೆಯಾದದ್ದು ಕಂಪನಿಯ ಕಾಲದಲ್ಲಿ. 1792ರ ಯುದ್ಧದಲ್ಲಿ ಟೀಪೂವಿನಿಂದ ಕಸಿದುಕೊಂಡ ಬಾರಾಮಹಲು ಕೋಲಾರದ ಮಗ್ಗುಲಲ್ಲೇ ಇತ್ತು. ಅಲ್ಲಿ ಏಳು ವರ್ಷ ಕಂದಾಯದ ಕೆಲಸವನ್ನು ಕಲಿತ ಥಾಮಸ್ ಮನ್ರೋ 1799ರಲ್ಲಿ ನಮ್ಮ ಕನ್ನಡ ಜಿಲ್ಲೆಗೆ ಮೊದಲ ಕಲೆಕ್ಟರನಾಗಿ ಬಂದು, ಒಂದು ವರ್ಷಕ್ಕೆ ಮಿಕ್ಕು ಇಲ್ಲಿ ದುಡಿದು, ಪುನಃ ಕೋಲಾರದ ಬಡಗಣ ಮಗ್ಗುಲಿನವರೆಗೆ ಹಬ್ಬಿದ್ದ ದತ್ತಮಂಡಲಕ್ಕೆ ಹೊರಟುಹೋದನು. ಒಬ್ಬ ಅಧಿಕಾರಿಯ ವರ್ಗಾವಣೆಗಳನ್ನು ಅನುಸರಿಸಿದರೆ ಸಾಕು, ಮೈಸೂರನ್ನು ಮೂರು ಕಡೆಯಿಂದ ಬಳಸಿದ ಹೊಸ ಅಧಿಕಾರದ ಆಕಾರ ಕಣ್ಣಿಗೆ ಕಟ್ಟುತ್ತದೆ.

ಗೆದ್ದ ದೇಶವನ್ನು ಅಳೆಯದೆ ಆಳಲಾಗುವುದಿಲ್ಲವೆಂಬುದು ಆ ಅಧಿಕಾರದ ದೃಢವಾದ ನಂಬಿಕೆ. ಕಾಲಿನ್ ಮೆಕೆಂಜಿಯು ಮೈಸೂರಿನ ಮೋಜಣಿಯನ್ನು ಕೈಗೊಂಡನು. ಫ್ರಾನ್ಸಿಸ್ ಬುಕಾನನ್ನನು ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಮದರಾಸಿನಿಂದ ಹೊರಟು, ಮೈಸೂರನ್ನೂ ಮಲಬಾರನ್ನೂ ಸುತ್ತಿ, ಮರುವರ್ಷದ ಆದಿಯಲ್ಲಿ ಕಾರ್ಕಳ, ಹಿರಿಯಡಕ, ಉಡುಪಿಗಳ ಮಾರ್ಗವಾಗಿ ಸಾಗುತ್ತಾ, ಮಣ್ಣು, ಬೆಳೆ, ಗೇಣಿ, ಜಾತಿ, ಕಸುಬುಗಳನ್ನು ಬರೆದುಕೊಂಡನು. ಮೆಕೆಂಜಿಯ ಕೈಕೆಳಗೆ ಮೂಡಣ ಗಡಿಯನ್ನು ಗುರುತಿಸುವ ಕೆಲಸವು 33ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರನ್ ಎಂಬವನ ಪಾಲಿಗೆ ಬಂದಿತು. ಈತನು ಸಾಮಾನ್ಯ ಸಿಪಾಯಿಯಲ್ಲ. ಮುಂದೆ ಮದರಾಸಿನ ಖಗೋಲ ವೀಕ್ಷಣಾಲಯವನ್ನು ನೋಡಿಕೊಂಡು, ನಮ್ಮ ಪಂಚಾಂಗಗಣಿತದ ಮೇಲೆ ಕಾಲಸಂಕಲಿತವೆಂಬ ದೊಡ್ಡ ಗ್ರಂಥವನ್ನೇ 1825ರಲ್ಲಿ ಪ್ರಕಟಿಸಿದ ವಿದ್ವಾಂಸ.

1802ರಲ್ಲಿ ಗಡಿಯ ಗುರುತುಗಳನ್ನು ಹುಡುಕುತ್ತಾ ಉರಿಗಾಂ, ಮಾರಿಕುಪ್ಪಗಳ ಕಡೆಗೆ ಬಂದ ವಾರನ್ನನ ಕಿವಿಗೆ ಈ ನೆಲದಲ್ಲಿ ಹೊನ್ನಿದೆಯೆಂಬ ಮಾತು ಬಿದ್ದಿತು. ತೋರಿಸಿಕೊಟ್ಟವರಿಗೆ ಇನಾಮು ಕೊಡುವುದಾಗಿ ಅವನು ಸಾರಿಸಿದ ಮೇಲೆ ಊರವರು ಎತ್ತಿನ ಬಂಡಿಗಳಲ್ಲಿ ಮಣ್ಣನ್ನು ತಂದು, ಅವನ ಕಣ್ಣೆದುರಿನಲ್ಲಿಯೇ ನೀರಿನಲ್ಲಿ ಜಾಲಿಸಿ, ಬಂಡಿಗಟ್ಟಲೆ ಮಣ್ಣಿನಿಂದ ಕಂಡೂ ಕಾಣದಷ್ಟು ಹೊನ್ನಿನ ಕಣಗಳನ್ನು ಬೇರ್ಪಡಿಸಿ ತೋರಿಸಿದರು. ಮಾರಿಕುಪ್ಪದಲ್ಲಿ ಅವನು ಇನ್ನೂ ಹೆಚ್ಚನ್ನು ಕಂಡನು: ಊರಿನ ಹೊರಗೆ ಇಡಲ್ಪಟ್ಟ ಕುಲದ ಗಂಡಸರು ಇಕ್ಕಟ್ಟಾದ ಗುಂಡಿಗಳಲ್ಲಿ ಹತ್ತಾರು ಅಡಿ ಆಳಕ್ಕೆ ಇಳಿದು, ಒಡೆದ ಕಲ್ಲನ್ನು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುತ್ತಿದ್ದರು, ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ಜಾಲಿಸುತ್ತಿದ್ದರು.

ಈ ಪ್ರಸಂಗವನ್ನು ಪುಸ್ತಕಗಳು ಕೋಲಾರದ ಚಿನ್ನದ ಆವಿಷ್ಕಾರವೆಂದು ವರ್ಣಿಸುವ ವಾಡಿಕೆಯಿದೆ. ಆದರೆ ನ್ಯಾಯವಾಗಿ ನೋಡಿದರೆ, ಯಾವ ಬಂಡೆಯಲ್ಲಿ ಹೊನ್ನಿದೆ, ಯಾವ ಮಣ್ಣನ್ನು ಜಾಲಿಸಿದರೆ ಕೂಲಿಗೆ ಸಾಟಿಯಾಗುತ್ತದೆ ಎಂಬ ವಿದ್ಯೆಯೆಲ್ಲವೂ ಆ ಗುಂಡಿಗಿಳಿದವರದು, ಆ ಹೆಂಗಸರದು. ವಾರನ್ನನು ಮಾಡಿದುದು ಅವರ ವಿದ್ಯೆಯನ್ನು ಸರಕಾರದ ದಫ್ತರಕ್ಕೆ ಏರಿಸಿದ ಕೆಲಸ. ಏರಿದ ಆ ವರದಿಯಲ್ಲಿ ಅವರ ಹೆಸರುಗಳಿಗೆ ಸ್ಥಳವಾಗಲಿಲ್ಲ. ಎಪ್ಪತ್ತು ವರ್ಷಗಳ ಮೇಲೆ ಹಕ್ಕಿನ ಪ್ರಶ್ನೆ ಬಂದಾಗ, ಆ ನೆಲದಲ್ಲಿ ಅದುವರೆಗೆ ಯಾರೂ ಏನನ್ನೂ ಮಾಡುತ್ತಿರಲಿಲ್ಲವೆಂಬ ಭಾವನೆಯಿಂದಲೇ ಅನುಮತಿಪತ್ರವನ್ನು ಬರೆಯಲಾಯಿತು.

ಆ ಎಪ್ಪತ್ತು ವರ್ಷಗಳಲ್ಲಿ ಭೂಮಂಡಲದ ನಾನಾ ಗಡಿಸೀಮೆಗಳಲ್ಲಿ ಹೊನ್ನಿನ ಹುಚ್ಚು ಹೊತ್ತಿ ಉರಿಯಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳು ಪಡುವಣ ಸಮುದ್ರದವರೆಗೆ ಹಬ್ಬುವುದು ದೈವಸಂಕಲ್ಪವೇ ಎಂದು 1845ರಲ್ಲಿ ಜಾನ್ ಓ’ಸಲಿವನ್ ಎಂಬ ಪತ್ರಿಕಾಕರ್ತನು ಬರೆದನು. 1848ರ ಜನವರಿ 24ರಂದು ಕ್ಯಾಲಿಫೋರ್ನಿಯದಲ್ಲಿ ಚಿನ್ನವು ಕಾಣಿಸಿತು. ಅದಾದ ಒಂಬತ್ತನೆಯ ದಿನ, ಆ ಸುದ್ದಿ ತಲುಪುವುದಕ್ಕೆ ಮೊದಲೇ, ಸೋತ ಮೆಕ್ಸಿಕೋ ದೇಶವು ಕ್ಯಾಲಿಫೋರ್ನಿಯವನ್ನು ಬಿಟ್ಟುಕೊಡುವ ಸಂಧಿಗೆ ರುಜುಹಾಕಿತು. ಅಲ್ಲಿಯ ಮೂಲನಿವಾಸಿಗಳು ಕೆಲವೇ ದಶಕಗಳಲ್ಲಿ ಹತ್ಯೆ, ರೋಗ, ಹಸಿವುಗಳಿಂದ ನಾಶವಾದ ಕಥೆಯನ್ನು ಓದಿದವರ ಹೃದಯ ಕಂಪಿಸದೆ ಇರದು. 1851ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ, 1861ರಲ್ಲಿ ನ್ಯೂಜಿಲೆಂಡಿನ ಒಟಾಗೊ ಇದೇ ಜ್ವರಕ್ಕೆ ಒಳಗಾದುವು. ಅಮೆರಿಕದ ಸೂ ಜನಾಂಗಕ್ಕೆ 1868ರ ಸಂಧಿಯಲ್ಲಿ ಮೀಸಲಾಗಿ ಬಿಟ್ಟಿದ್ದ ಕಪ್ಪುಗುಡ್ಡಗಳಲ್ಲಿ 1874ರಲ್ಲಿ ಹೊನ್ನು ಕಂಡೊಡನೆ ಆ ಸಂಧಿಯು ಕಾಗದವಾಗಿ ಮಾತ್ರ ಉಳಿಯಿತು.

ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ವಿರುದ್ಧದ ಯುದ್ಧದಲ್ಲಿ ಸೇವೆಸಲ್ಲಿಸಿ, ಬೆಂಗಳೂರಿನಲ್ಲಿ ನೆಲೆಸಿದ ಐರಿಷ್ ಸಿಪಾಯಿ ಮೈಕೆಲ್ ಲವೆಲ್ ಎಂಬವನು ವಾರನ್ನನ ಹಳೆಯ ವರದಿಯನ್ನು ಓದಿ, 1871ರಲ್ಲಿ ಎತ್ತಿನ ಗಾಡಿಯನ್ನೇರಿ ಕೋಲಾರದ ಕಡೆಗೆ ಹೊರಟನು. ಒಂದು ಗಡಿಸೀಮೆಯಲ್ಲಿ ಕಲಿತ ಪಾಠವನ್ನು ಇನ್ನೊಂದು ಗಡಿಸೀಮೆಗೆ ತಂದ ಇಂಥವರಿಂದಲೇ ಸಾಮ್ರಾಜ್ಯವೆಂಬುದು ಒಂದೇ ದೇಹದಂತೆ ವರ್ತಿಸುತ್ತಿತ್ತು. 1873ರಲ್ಲಿ ಅವನು ಅರ್ಜಿ ಹಾಕಿದನು. 1875ರಲ್ಲಿ ಇಪ್ಪತ್ತು ವರ್ಷಗಳ ಗುತ್ತಿಗೆ ದೊರೆಯಿತು.

ಗುತ್ತಿಗೆಯನ್ನು ಕೊಟ್ಟವರು ಯಾರು? ನಗರದ ರೈತರ ದಂಗೆಯನ್ನು ನೆವಮಾಡಿ 1831ರಲ್ಲಿ ಮುಮ್ಮಡಿ ಕೃಷ್ಣರಾಜರಿಂದ ರಾಜ್ಯಭಾರವನ್ನು ಕಸಿದುಕೊಂಡ ಬ್ರಿಟಿಷರ ಕಮಿಷನರ ಆಡಳಿತವೇ ಆಗಲೂ ಮೈಸೂರಿನಲ್ಲಿ ನಡೆಯುತ್ತಿತ್ತು. ಮುಮ್ಮಡಿಯವರು 1868ರಲ್ಲಿ ತೀರಿಕೊಂಡಿದ್ದರು. ಅವರ ದತ್ತುಪುತ್ರ ಚಾಮರಾಜೇಂದ್ರರು ಇನ್ನೂ ಹನ್ನೆರಡರ ಬಾಲಕ. ಅಂದಮೇಲೆ, ಪ್ರಾಪ್ತವಯಸ್ಕನಾಗದ ಅರಸನ ನೆಲವನ್ನು, ಆ ಅರಸನ ಪೋಷಕರೆಂದು ಹೇಳಿಕೊಂಡವರು, ತಮ್ಮವನೇ ಆದ ಒಬ್ಬನಿಗೆ ಬರೆದುಕೊಟ್ಟರು. 1881ರ ಮಾರ್ಚ್ 25ರಂದು ರಾಜ್ಯವನ್ನು ಚಾಮರಾಜೇಂದ್ರರಿಗೆ ಹಿಂದಿರುಗಿಸಿದಾಗ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಕೋಲಾರದಲ್ಲಿ ಆಗಲೇ ಕಾಲೂರಿ ಆಗಿತ್ತು. ಹಿಂದಿರುಗಿಸುವ ಕರಾರಿನಲ್ಲಿ ಮೈಸೂರಿನ ವಾರ್ಷಿಕ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳಿಂದ ಮೂವತ್ತೈದು ಲಕ್ಷಕ್ಕೆ ಏರಿಸಲಾಯಿತೆಂಬುದನ್ನೂ ಇಲ್ಲಿ ಜತೆಗಿಟ್ಟು ನೋಡಬೇಕು.

ಲವೆಲ್ಲನಲ್ಲಿ ಹಠವಿತ್ತು, ಹಣವಿರಲಿಲ್ಲ. ಉರಿಗಾಮಿನ ಬಳಿ ಒಂದು ಗಣಿಬಾವಿಯನ್ನು ತೋಡಿಸಿ, ಸೋತು, ಹಕ್ಕನ್ನು ಮೇಜರ್ ಜನರಲ್ ಬೆರೆಸ್‌ಫರ್ಡ್ ಮತ್ತು ಅವನ ಮಿತ್ರರಿಗೆ ವರ್ಗಾಯಿಸಿದನು. ಅಷ್ಟರಲ್ಲಿ ವಯನಾಡಿನಲ್ಲಿ ಚಿನ್ನವಿದೆಯೆಂಬ ಕೂಗೆದ್ದು, ದೇವಾಲ, ಪಂದಲೂರುಗಳ ಕಾಡಿನ ಹೆಸರಿನಲ್ಲಿ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿ, ಲಕ್ಷಗಟ್ಟಲೆ ಪೌಂಡುಗಳ ಷೇರುಗಳು ಮಾರಾಟವಾಗಿ, ಎರಡು ಮೂರು ವರ್ಷಗಳೊಳಗೆ ಎಲ್ಲವೂ ನೆಲಕಚ್ಚಿದುವು. ಕೋಲಾರವೂ ಅದೇ ದಾರಿ ಹಿಡಿಯುವುದರಲ್ಲಿತ್ತು. ಮೈಸೂರು ಗಣಿಯ ಕಂಪನಿಯ ಬೊಕ್ಕಸ ಬರಿದಾಗುತ್ತಾ ಬಂದು, ಷೇರುದಾರರು ಉಳಿದ ಹಣವನ್ನು ಹಂಚಿಕೊಂಡು ಬಾಗಿಲು ಹಾಕೋಣವೆನ್ನುತ್ತಿದ್ದಾಗ, ಟೇಲರನ ಒತ್ತಾಯದಿಂದ ಇನ್ನೂ ಸ್ವಲ್ಪ ಆಳಕ್ಕೆ ತೋಡಿದ ಕ್ಯಾಪ್ಟನ್ ಪ್ಲಮ್ಮರನ ಕೈಗೆ, ಹಿಂದಿನವರ ಹಳೆಯ ಗುಂಡಿಗಳ ಕೆಳಗಡೆಯೇ, ಚಾಂಪಿಯನ್ ರೀಫ್ ಎಂದು ಹೆಸರಾದ ಮಹಾಸಿರೆಯು ದೊರೆಯಿತು. ಪುರಾತನರು ತೋಡಿ ಬಿಟ್ಟಲ್ಲಿಂದ ಹೊಸಬರು ಆರಂಭಿಸಿದರು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಘಾಟ್ ಗಣಿಗಳಿಂದ 1905ರ ವೇಳೆಗೆ ವರ್ಷಕ್ಕೆ ಆರು ಲಕ್ಷ ಔನ್ಸುಗಳ ಆಸುಪಾಸಿನಲ್ಲಿ ಚಿನ್ನವು ಹೊರಟು ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಮೈಸೂರು ಸರಕಾರಕ್ಕೆ ನೂರಕ್ಕೆ ಐದರ ರಾಜಧನವು ಸಲ್ಲುತ್ತಿತ್ತು.

ಆಳಕ್ಕಿಳಿಯಲು ಜನ ಬೇಕಾದರು. ಧಾತು ಮತ್ತು ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 1878ರ, ಮಹಾಕ್ಷಾಮವು ದಕ್ಷಿಣದ ಭೂಹೀನರನ್ನು ಬೇರುಸಹಿತ ಕಿತ್ತುಹಾಕಿದ್ದ ಕಾಲವದು. ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳ ಕಡೆಯಿಂದ, ಬಹುಮಟ್ಟಿಗೆ ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಕುಲಗಳ ಗಂಡಸರು ಹೆಂಗಸರು ಬಂದು ಸೇರಿದರು; ಮೇಸ್ತ್ರಿಗಳು ಮುಂಗಡ ಕೊಟ್ಟು ತಂದರು. ಕಾರ್ನ್‌ವಾಲಿನ ಗಣಿಗಾರರೂ ಆಂಗ್ಲೋ-ಇಂಡಿಯನ್ನರೂ ಪಂಜಾಬಿನ ಕಾವಲುಗಾರರೂ ಅವರ ಮೇಲೆ ಸಾಲಾಗಿ ನಿಂತರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗಣಿಗಳಲ್ಲಿ ದುಡಿಯುವವರ ಸಂಖ್ಯೆ ಇಪ್ಪತ್ತೈದು ಸಾವಿರವನ್ನು ಮೀರಿತ್ತು. ಒಂದೆಡೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಇನ್ನೊಂದೆಡೆ ಬಿದಿರಿನ ತಟ್ಟಿಯ ಗುಡಿಸಲುಗಳ ಲೈನುಗಳು. 1894ರಲ್ಲಿ ಆಗಿನ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲುದಾರಿ ಬಂದಿತು. ಮೈಸೂರಿನ ಮೂಡಣ ಗಡಿಯೊಳಗೆ ಹೀಗೆ ಇನ್ನೊಂದು ಗಡಿ ಎದ್ದಿತು. ಅದರ ಒಳಗಿನ ಭಾಷೆ, ನ್ಯಾಯ, ಗಡಿಯಾರಗಳೆಲ್ಲವೂ ಬೇರೆ.

ನಮ್ಮವರ ಪಾತ್ರವನ್ನೂ ಮರೆಮಾಚಬಾರದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯಿಂದ, ಇಂಜಿನಿಯರ್ ಜೋಲಿ ದ ಲೊಟ್ಬಿನಿಯರನ ಯೋಜನೆಯಂತೆ, ಶಿವನಸಮುದ್ರದಲ್ಲಿ ಕಾವೇರಿಯ ಧಾರೆಯನ್ನು ವಿದ್ಯುತ್ತನ್ನಾಗಿ ಪರಿವರ್ತಿಸಿ, ಆನೆ ಎತ್ತುಗಳಿಂದ ಯಂತ್ರಗಳನ್ನು ಎಳೆಸಿ, 92 ಮೈಲಿಗಳ ದೂರ ತಂತಿಯನ್ನು ಹಾಯಿಸಿ, 1902ರ ಜೂನ್ 30ರಂದು ಗಣಿಗಳಿಗೆ ಶಕ್ತಿಯನ್ನು ಮುಟ್ಟಿಸಿದುದು ಆ ಕಾಲಕ್ಕೆ ಜಗತ್ತೇ ಬೆರಗಾಗುವಂಥ ಸಾಹಸ. ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿಯೇ ಅವರು ಗತಿಸಿದ್ದರು. ಮೈಸೂರಿನ ಕೈಗಾರಿಕಾ ಪ್ರಗತಿಗೆ ಇದು ನಾಂದಿಯಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೂ ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು ಮೂರು ವರ್ಷಗಳ ಅನಂತರ. ಕಾವೇರಿಯು ಮೊದಲು ತಿರುಗಿಸಿದ ಚಕ್ರ ಲಂಡನ್ನಿನ ಷೇರುದಾರರದು. ಆ ಸಾಹಸವನ್ನು ಮನಃಪೂರ್ವಕವಾಗಿ ಮೆಚ್ಚುವಾಗಲೂ ಈ ಕ್ರಮವು ನನ್ನನ್ನು ಬಾಧಿಸದೆ ಬಿಡುವುದಿಲ್ಲ.

ಈ ಸಂದರ್ಭದಲ್ಲಿ ನಮ್ಮ ಉಡುಪಿಯ ಒಂದು ಸಂಗತಿ ನೆನಪಾಗುತ್ತದೆ. 1925ರಲ್ಲಿ ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಇಲ್ಲಿ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು, 1928ರಿಂದ ಪಿಗ್ಮಿ ಠೇವಣಿಯೆಂಬ ಕ್ರಮದಲ್ಲಿ ದಿನಕ್ಕೆ ಎರಡಾಣೆಯಂತೆ ಬಡವರ ಮನೆಬಾಗಿಲಿನಲ್ಲಿ ಹಣವನ್ನು ಸಂಗ್ರಹಿಸಿ ಬೆಳೆಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈಯವರು ಮುಂದೆ ಮಣಿಪಾಲದ ಬೋಳುಗುಡ್ಡದಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿದರು. ನೆಲದಡಿಯಲ್ಲಿ ಏನೂ ಇಲ್ಲದ ಗುಡ್ಡವೊಂದು ಊರವರದೇ ಉಳಿತಾಯದ ಬಲದಿಂದ ಪಟ್ಟಣವಾದುದನ್ನು ಕಂಡ ನಾವು, ಸುಮಾರು 800 ಟನ್ ಚಿನ್ನವನ್ನು ಹೊರಗೆ ಕಳುಹಿಸಿದ ನೆಲದ ಇಂದಿನ ದಾರಿದ್ರ್ಯವನ್ನು ಕುರಿತು ಗಂಭೀರವಾಗಿ ಯೋಚಿಸಬೇಕಾಗಿದೆ.

ಗಣಿಯ ಒಳಗಿನ ಬಾಳಿನ ವಿಷಯದಲ್ಲಿ ಹೇಳುವುದು ಬಹಳವಿದೆ. ಚಾಂಪಿಯನ್ ರೀಫಿನ ಗಣಿಯು ಕಾಲಕ್ರಮದಲ್ಲಿ 3 ಕಿಲೋಮೀಟರಿಗೂ ಮಿಗಿಲಾದ ಆಳವನ್ನು ಮುಟ್ಟಿತು. ಅಲ್ಲಿಯ ಬಂಡೆಯು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಮೇಲಿನ ಭಾರವನ್ನು ತಾಳಲಾರದ ಶಿಲೆಯು ಹಠಾತ್ತನೆ ಸಿಡಿದು ಅನೇಕರನ್ನು ಬಲಿತೆಗೆದುಕೊಳ್ಳುತ್ತಿತ್ತು. ಶಿಲೆಯ ಧೂಳು ಉಳಿದವರ ಶ್ವಾಸಕೋಶವನ್ನು ಸವೆಸುತ್ತಿತ್ತು. 1897ರ ಗಣಿಶಾಸನವು ಚಿನ್ನವುಳ್ಳ ಕಲ್ಲಿನ ಚೂರೊಂದನ್ನು ಕಾರಣವಿಲ್ಲದೆ ಇಟ್ಟುಕೊಂಡವನನ್ನೂ ಅಪರಾಧಿಯೆಂದು ಗಣಿಸಿತು. ಯಾವ ಕುಲದವರು 1802ರಲ್ಲಿ ಹೊನ್ನಿನ ದಾರಿಯನ್ನು ತೋರಿಸಿದರೋ ಆ ಕುಲದವರ ಕೈಯಲ್ಲಿ ಅದೇ ಕಲ್ಲು ಕಳ್ಳಮಾಲಾಯಿತು. ಕೂಲಿಯವರ ಮಣಿಕಟ್ಟಿಗೆ ಸಂಖ್ಯೆಯ ಬಿಲ್ಲೆಯನ್ನು ಕಟ್ಟುತ್ತಿದ್ದರು. ಅದನ್ನು ಅವರು ತಾಯತ್ತು ಎನ್ನುತ್ತಿದ್ದರು. 1930ರ ಏಪ್ರಿಲಿನಲ್ಲಿ ಬೆರಳಚ್ಚು ತೆಗೆದು ದಾಖಲೆ ಮಾಡುವುದಾಗಿ ಕಂಪನಿಗಳು ಹೊರಟಾಗ, ನಾವು ಕಳ್ಳರಲ್ಲವೆಂದು ಸಹಸ್ರಾರು ಜನ ಕೆಲಸಕ್ಕಿಳಿಯದೆ ಸುಮಾರು ಮೂರು ವಾರ ಗಣಿಗಳನ್ನು ನಿಲ್ಲಿಸಿಬಿಟ್ಟರು. ಸಂಘವಿಲ್ಲದ, ನಾಯಕರ ಬೆಂಬಲವಿಲ್ಲದ ಆ ಮುಷ್ಕರವು ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಯಾವ ಅರಮನೆಯ ಉತ್ಸವಕ್ಕಿಂತಲೂ ದೊಡ್ಡದೆಂದು ನಾನು ಭಾವಿಸುತ್ತೇನೆ. 1946ರ ನವೆಂಬರಿನಲ್ಲಿ ಮತ್ತೊಂದು ಹೋರಾಟದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು.

1956ರಲ್ಲಿ ಮೈಸೂರು ರಾಜ್ಯವು ಗಣಿಗಳನ್ನು ವಶಪಡಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರಕಾರಕ್ಕೆ ಸೇರಿದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಆ ವೇಳೆಗೆ ಉತ್ತಮ ಅದಿರೆಲ್ಲ ಹೊರಬಿದ್ದು, ಆಳದ ಖರ್ಚು ಮಾತ್ರ ಉಳಿದಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಶತಮಾನಕ್ಕೂ ಮಿಕ್ಕು ಅರೆದು ಸುರಿದ ಮಣ್ಣು ಸೈನೈಡ್ ದಿಬ್ಬಗಳಾಗಿ ನಿಂತಿದೆ. ಗಾಳಿ ಬೀಸಿದಾಗ ಅದರ ಧೂಳು ಲೈನುಗಳ ಅಡುಗೆಮನೆಯವರೆಗೂ ಬರುತ್ತದೆ. ಅಲ್ಲಿಯ ಯುವಕರು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುತ್ತಾರೆ.

ಚಲನಚಿತ್ರದ ದೆಸೆಯಿಂದ ಕೆ.ಜಿ.ಎಫ್. ಎಂಬ ಮೂರಕ್ಷರ ಇಂದು ದೇಶದ ಮೂಲೆಮೂಲೆಯನ್ನು ಮುಟ್ಟಿದೆ. ಆ ಕಥೆಯು ಕಲ್ಪಿತವಾದುದು. ನಿಜವಾದ ಕಥೆಯನ್ನು ಬಲ್ಲವರು, ಕೊನೆಯ ಪಾಳಿಯಲ್ಲಿ ಆಳಕ್ಕಿಳಿದು ಬಂದವರು, ಈಗ ವೃದ್ಧರಾಗಿ ಅಲ್ಲಿಯ ಲೈನುಗಳಲ್ಲಿಯೇ ಇದ್ದಾರೆ. ಅವರ ಮಾತು ತಮಿಳಿನಲ್ಲಿದೆ, ತೆಲುಗಿನಲ್ಲಿದೆ ಎಂಬ ಕಾರಣದಿಂದ ಅದು ಕನ್ನಡನಾಡಿನ ಚರಿತ್ರೆಗೆ ಹೊರಗಾಗಬಾರದು. ನಮ್ಮ ವಿಶ್ವವಿದ್ಯಾನಿಲಯಗಳ ಚರಿತ್ರೆಯ ವಿದ್ಯಾರ್ಥಿಗಳು, ಕರಾವಳಿಯ ಕಾಲೇಜುಗಳವರೂ ಸೇರಿ, ಮಾರಿಕುಪ್ಪ ಉರಿಗಾಂಗಳಿಗೆ ಹೋಗಿ ಆ ವೃದ್ಧರ ಸ್ಮೃತಿಗಳನ್ನು ಅವರವರ ಹೆಸರಿನೊಂದಿಗೇ ಬರೆದುಕೊಂಡು ಕನ್ನಡದಲ್ಲಿ ಅಚ್ಚುಮಾಡಬೇಕು. ಈ ಕೆಲಸಕ್ಕೆ ಇನ್ನು ಹೆಚ್ಚು ವರ್ಷಗಳು ಉಳಿದಿಲ್ಲ.